ಅವಧಿ: ಸಾಕೆನಿಸುವವರೆಗೆ

ಪರಮಾನಂದ ಮಾಡಿದ ತಪ್ಪು ಇಷ್ಟೇ. ಹೆಂಡತಿಯ ಜೊತೆ ಹೋಗಬೇಕಾಗಿದ್ದ ಪ್ರವಾಸದ ವಿವರವನ್ನು ಕಾರ್ಖಾನೆಯ ಫಾರಂನಲ್ಲಿ ಬರೆದ.

ಬೊಮ್ಮಸಂದ್ರದ ಮಾತ್ರೆ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷ ಸವೆಸಿದ ಸೂಪರ್‌ವೈಸರ್‌ಗೆ ಬೇರೆ ರೀತಿ ಬರೆಯಲು ಬರುತ್ತಲೂ ಇರಲಿಲ್ಲ. ಅಲ್ಲಿ ನೆಲ ಒರೆಸಿದರೂ ಅದಕ್ಕೊಂದು ಕಾಗದ, ಕಾಗದದ ಕೆಳಗೆ ಮೂರು ಸಹಿ: ತಯಾರಿಸಿದವರು, ಪರಿಶೀಲಿಸಿದವರು, ಅನುಮೋದಿಸಿದವರು. ಒಂದು ಚೌಕ ಖಾಲಿ ಉಳಿದರೂ ತನಿಖೆಗೆ ಬಂದವರು ಇಡೀ ಕಾರ್ಖಾನೆಯನ್ನು ಜಾಲಾಡಿಬಿಡುತ್ತಿದ್ದರು.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಸವಿತಾಳದು ಗಾರ್ಮೆಂಟ್ಸ್‌ನಲ್ಲಿ ಹಗಲು ಕೆಲಸ, ಇವನದು ವಾರಕ್ಕೊಂದು ಶಿಫ್ಟು. ಹೆಬ್ಬಗೋಡಿಯ ಬಾಡಿಗೆ ಮನೆಯ ಬಾಗಿಲಲ್ಲಿ ಬೀಗದ ಕೈ ಕೊಟ್ಟು ತೆಗೆದುಕೊಳ್ಳುವಾಗ ಆಡಿದ ಮಾತೇ ಅವರ ಸಂಸಾರದ ಮುಕ್ಕಾಲು ಮಾತು. ಅವಳು ಇನ್ನೂ ಸಮುದ್ರ ನೋಡಿರಲಿಲ್ಲ. ಮಷೀನುಗಳ ರಿಪೇರಿಗೆಂದು ನಾಳೆಯಿಂದ ನಾಲ್ಕು ದಿನ ಕಾರ್ಖಾನೆ ನಿಲ್ಲುವುದಿತ್ತು. ಒಬ್ಬ ಸೂಪರ್‌ವೈಸರ್ ಮಾತ್ರ ಇರಬೇಕು, ಆ ಪಾಳಿ ಸಹೋದ್ಯೋಗಿ ಇರಣ್ಣನ ಹೆಗಲಿಗೆ ಬಿದ್ದಿತ್ತು. ಸವಿತಾಳೂ ಕಾಡಿ ಬೇಡಿ ರಜೆ ತಂದಿದ್ದಳು. ತಮ್ಮ ಹಳೇ ಕಾರಿನಲ್ಲಿ ಇಬ್ಬರೇ, ಯಾವ ಅವಸರವೂ ಇಲ್ಲದೆ ಹೋಗಿಬರಬೇಕು ಎಂಬುದು ಪರಮಾನಂದನ ಆಸೆ.

ಬೆಳಗಿನ ಶಿಫ್ಟಿನಲ್ಲಿ ಅವನು ಫಾರಂ ತುಂಬಿದ. ‘ಮೊದಲ ದಿನ, ಶ್ರವಣಬೆಳಗೊಳ: ಬೆಟ್ಟ ಹತ್ತುವುದು, ಸುಸ್ತಾದಲ್ಲಿ ಕೂರುವುದು. ಎರಡನೇ ದಿನ, ಬೇಲೂರು, ಹಳೇಬೀಡು: ಶಿಲ್ಪ ನೋಡುವುದು. ಮೂರನೇ ದಿನ, ಮರವಂತೆ: ಸಮುದ್ರದ ಎದುರು ಸುಮ್ಮನೆ ಕೂರುವುದು. ಅವಧಿ: ಸಾಕೆನಿಸುವವರೆಗೆ.’ ಕೆಳಗೆ ‘ತಯಾರಿಸಿದವರು’ ಎಂಬಲ್ಲಿ ಅಭ್ಯಾಸಬಲದಿಂದ ಸಹಿ ಹಾಕಿ, ಕಾಗದವನ್ನು ಮೇಜಿನ ಮೇಲೆ ಬಿಟ್ಟು ಟೀ ಕುಡಿಯಲು ಹೋದ.

ಪಕ್ಕದ ಮೇಜಿನ ನಂದೀಶನ ಕಣ್ಣಿಗೆ ಬಿದ್ದದ್ದು ಖಾಲಿ ಚೌಕ ಮಾತ್ರ. ಪರಿಶೀಲಿಸಿದೆನೆಂದು ಗೀಚಿ ಮಿಕ್ಕ ಕಾಗದಗಳ ಜೊತೆ ಒಳಗೆ ಕಳಿಸಿದ. ಮ್ಯಾನೇಜರ್ ಗುರುರಾಜ್ ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಇಡೀ ಕಂತೆಗೆ ಸಹಿ ಹಾಕಿದರು. ಅನುಮೋದನೆಯಾದ ಕಾಗದ ನೋಟಿಸ್ ಬೋರ್ಡಿಗೆ ಹೋಗಬೇಕೆಂಬುದು ನಿಯಮ. ಹೋಯಿತು. ಪರಮಾನಂದ ಟೀ ಮುಗಿಸಿ ಬರುವಷ್ಟರಲ್ಲಿ ಬೋರ್ಡಿನ ಮುಂದೆ ಜಾತ್ರೆ, ಕಾಗದದ ಕೆಳಗೆ ಹದಿನೇಳು ಹೆಸರು.

“ಸಕ್ಕತ್ ಗುರು! ಹೇಳ್ದೇ ಕೇಳ್ದೇ ಟೂರ್ ಪಾಸ್ ಮಾಡಿಸ್ಬಿಟ್ಯಲ್ಲ!” ನಂದೀಶ ಬೆನ್ನಿಗೆ ಗುದ್ದಿದ.

ಪರಮಾನಂದ ನೇರ ಗುರುರಾಜ್ ಕೋಣೆಗೆ ನುಗ್ಗಿದ. “ಸಾರ್, ಅದು ನಾನು ನನ್ನ ಹೆಂಡ್ತಿ ಹೋಗೋ ಟ್ರಿಪ್ಪು ಸಾರ್. ನೀವು ನೋಡ್ದೇ...”

“ನೋಡ್ದೇ?” ಗುರುರಾಜ್ ಕನ್ನಡಕ ತೆಗೆದರು. “ಮುಂದಿನ ವಾರ ತನಿಖೆಯವರು ಬರ್ತಿದಾರೆ. ಮ್ಯಾನೇಜರ್ ಓದ್ದೇ ಸಹಿ ಹಾಕ್ತಾನೆ ಅಂತ ಹೇಳ್ಬೇಕು ಅಂತಿದೀರಾ?”

“ಅಯ್ಯೋ, ಇಲ್ಲ ಸಾರ್.”

“ಹಾಗಾದ್ರೆ ಓದೇ ಹಾಕಿದೀನಿ. ಒಳ್ಳೇ ಐಡಿಯಾ. ಶಿಫ್ಟ್ ಬಸ್ ಹೇಗೂ ಸುಮ್ನೆ ನಿಂತಿರತ್ತೆ, ಫ್ಯಾಮಿಲಿ ಸಮೇತ ಹೋಗ್ಬನ್ನಿ.”

ಕ್ಯಾಂಟೀನಿನಲ್ಲಿ ಪ್ರವಾಸಕ್ಕೆ ತಿದ್ದುಪಡಿ ಶುರುವಾಗಿತ್ತು. ಕ್ಯಾಂಟೀನ್ ನೋಡಿಕೊಳ್ಳುವ ರುದ್ರಮ್ಮ ಪರಮಾನಂದನ ಮನೆಯ ಮೇಲಿನ ಮಹಡಿಯವರು. ಕಟ್ಟಡದ ಯಾವ ಮನೆಯಲ್ಲಿ ಏನು ಸಾರು ಎಂಬುದು ಅವರಿಗೆ ಬೇಳೆ ಬೇಯುವ ಮೊದಲೇ ಗೊತ್ತು.

“ಅಲ್ಲಪ್ಪಾ, ಅಷ್ಟು ದೂರ ಹೋಗಿ ಧರ್ಮಸ್ಥಳಕ್ಕೆ ಹೋಗ್ದೇ ಬರೋದಾ? ಕೇಳಿದೋರು ಏನಂತಾರೆ?”

“ಹೊರನಾಡೂ ಸೇರ್ಸಿ ರುದ್ರಮ್ಮಾರೇ. ಹಳೇಬೀಡಲ್ಲಿ ಇರೋದು ಕಲ್ಲು ತಾನೇ, ಬಸ್ಸಲ್ಲೇ ಕೂತು ನೋಡ್ಬೋದು,” ಎಂದ ನಂದೀಶ.

“ಮತ್ತೆ ಸಮುದ್ರ?” ಪರಮಾನಂದನ ದನಿ ಉಡುಗಿತ್ತು.

“ನೀರು ತಾನೇ? ಹದಿನೈದು ನಿಮಿಷ ಸಾಕು.”

ಊಟದ ಹೊತ್ತಿಗೆ ರುದ್ರಮ್ಮ ಸೇರಿಸಿದ ಕಟ್ಟಡದವರು, ಮಕ್ಕಳು ಮರಿ ಎಲ್ಲ ಸೇರಿ ನಲವತ್ತು ಜನವಾದರು. ಅಂತ್ಯಾಕ್ಷರಿಗೆ ಮೈಕ್ ಗೊತ್ತುಮಾಡಿದ್ದೂ ಆಯಿತು. ಪರಮಾನಂದನಿಗೆ ಅಳು ಬರುವಂತಾಯಿತು. ಆದರೆ ಮಜ್ಜಿಗೆ ಕುಡಿಯುತ್ತಿದ್ದಾಗ ಹೊಳೆದ ಉಪಾಯಕ್ಕೆ ತನ್ನನ್ನೇ ತಾನು ಮೆಚ್ಚಿಕೊಂಡ. ಸಹೋದ್ಯೋಗಿಗಳೂ ನೆರೆಹೊರೆಯವರೂ ಎಲ್ಲ ಬಸ್ಸು ಹತ್ತಿದರೆ ಹೆಬ್ಬಗೋಡಿಯ ಕಟ್ಟಡದಲ್ಲಿ ಉಳಿಯುವವರು ಯಾರು? ಬಸ್ಸು ತಪ್ಪಿಸಿಕೊಳ್ಳಲು ಡ್ಯೂಟಿಯ ನೆಪ ಹೇಳಿ ಹಗಲು ಕಾರ್ಖಾನೆಯಲ್ಲಿ ಕೂತರಾಯಿತು. ಐದು ಗಂಟೆಗೆ ಮನೆ. ಬಾಗಿಲು ತಟ್ಟುವ ನರಪಿಳ್ಳೆಯೂ ಇಲ್ಲದೆ ನಾಲ್ಕು ಸಂಜೆ, ತಾನು ಮತ್ತು ಸವಿತಾ! ಸಮುದ್ರ ಎಲ್ಲಿ ಓಡಿಹೋಗುತ್ತದೆ, ಇನ್ನೊಮ್ಮೆ ನೋಡಿದರಾಯಿತು.

“ಇರಣ್ಣ, ನೀವು ಟೂರಿಗೆ ಹೋಗಿ. ನಿಮ್ಮ ಡ್ಯೂಟಿ ನಾನು ಮಾಡ್ತೀನಿ.”

ಇರಣ್ಣನ ಕಣ್ಣು ತುಂಬಿ ಬಂತು. “ನೀವು ದೇವ್ರು ಕಣ್ರೀ.”

ಪಾಳಿ ಬದಲಾವಣೆಯ ಫಾರಂಗೆ ಕಾಲು ಗಂಟೆಯಲ್ಲಿ ಮೂರೂ ಸಹಿ ಬಿದ್ದವು. ಈ ಸಲ ಗುರುರಾಜ್ ಎರಡೆರಡು ಬಾರಿ ಓದಿ ಸಹಿ ಹಾಕಿದರು.

ಸಂಜೆ ಪರಮಾನಂದ ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ತಂದಿಟ್ಟುಕೊಂಡು ಕಾದ. ಸವಿತಾ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಕೈಯಲ್ಲಿ ಹೊಸ ಬ್ಯಾಗು, ಮುಖದಲ್ಲಿ ಅವನು ಒಂಬತ್ತು ವರ್ಷದಲ್ಲಿ ಕಾಣದ ಹಿಗ್ಗು.

“ರೀ! ರುದ್ರಮ್ಮಾರು ಫೋನ್ ಮಾಡಿದ್ರು. ಇಡೀ ಫ್ಯಾಕ್ಟರಿನೇ ಹೊರಡಿಸಿದೀರಂತೆ! ನಂಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಇಬ್ರೇ ಕಾರಲ್ಲಿ ಹೋಗಿ ಏನ್ ಮಾತಾಡ್ತೀವೋ ಅಂತ ನಂಗೆ ಒಳಗೊಳಗೇ ಭಯ ಇತ್ತು. ಇಬ್ರ ಹೆಸರೂ ಬರೆಸ್ಬಿಟ್ಟೆ, ಕಿಟಕಿ ಪಕ್ಕದ ಸೀಟು.”

ಪರಮಾನಂದನ ಬಾಯಲ್ಲಿದ್ದ ಬಜ್ಜಿ ಇದ್ದಕ್ಕಿದ್ದಂತೆ ಖಾರವಾಯಿತು. ತೊದಲುತ್ತ ಡ್ಯೂಟಿಯ ವಿಷಯ ಹೇಳಿದ. ಸವಿತಾಳ ಮುಖ ಬಾಡಿತು. ಹೊಸ ಬ್ಯಾಗನ್ನು ಮೆಲ್ಲಗೆ ಕೆಳಗಿಟ್ಟಳು.

“ನಾನೂ ಹೋಗಲ್ಲ ಬಿಡಿ.”

ಅವನು ಬ್ಯಾಗನ್ನು ಎತ್ತಿ ಮತ್ತೆ ಅವಳ ಕೈಗೆ ಕೊಟ್ಟ. “ಏ, ಬೇಡ ಬೇಡ. ನೀನು ಸಮುದ್ರ ನೋಡ್ಕೊಂಡು ಬಾ.”

ಇನ್ನು ಮೂರು ನಾಲ್ಕು ಸಲವಾದರೂ ಒತ್ತಾಯ ಮಾಡಬೇಕಾದೀತೆಂದು ಅವನು ಗಂಟಲು ಸರಿಮಾಡಿಕೊಂಡ. ಬೇಕಾಗಲಿಲ್ಲ.

“ಹೂಂ, ಸರಿ ಹಾಗಾದ್ರೆ. ನಲವತ್ತು ಜನಕ್ಕೆ ಚಪಾತಿ ನಾನೇ ತರ್ತೀನಿ ಅಂತ ಒಪ್ಕೊಂಡಿದೀನಿ. ಸ್ವಲ್ಪ ಹಿಟ್ಟು ಕಲಸಿ ಕೊಡ್ತೀರಾ?”

ಪರಮಾನಂದ ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತ. ಅವನು ನಾದಿದ, ಸವಿತಾ ಎದುರು ಕೂತು ಉಂಡೆ ಕಟ್ಟಿದಳು. ಗಾರ್ಮೆಂಟ್ಸ್‌ನ ಕತೆ ಹೇಳಿ ನಕ್ಕಳು, ಅವನ ಮೂಗಿನ ಮೇಲಿನ ಹಿಟ್ಟು ಒರೆಸಿದಳು. ಇಬ್ಬರೂ ಎದುರುಬದುರು ಕೂತು ಅರ್ಧ ಗಂಟೆಯಾಗಿತ್ತು. ಪರಮಾನಂದನಿಗೆ ಬಹಳ ಸುಖವೆನಿಸಿತು. ಹಿಟ್ಟು ಇನ್ನಷ್ಟು ಇದ್ದರೆ ಚೆನ್ನಾಗಿತ್ತು ಎಂದುಕೊಂಡು ನಾದುವುದನ್ನು ನಿಧಾನ ಮಾಡಿದ.

ಆಗ ಬಾಗಿಲು ತಳ್ಳಿಕೊಂಡು, ಲಟ್ಟಣಿಗೆ ಹಿಡಿದು ರುದ್ರಮ್ಮ ಬಂದರು.

“ಪಾಪ, ಇಬ್ರೇ ಕಷ್ಟಪಡ್ತಿದೀರಲ್ಲ,” ಎಂದು ಅವರಿಬ್ಬರ ನಡುವೆ ಜಾಗ ಮಾಡಿಕೊಂಡು ಕೂತರು.