ಅಳು ಬಲ್ಲ ತೊಟ್ಟಿಲು

"ಅತ್ತೆ, ಇನ್ಮೇಲೆ ನೀವು ತೊಟ್ಟಿಲು ತೂಗೋ ಹಾಗೇ ಇಲ್ಲ" ಎಂದು ಮೃತ್ಯುಂಜಯ ಎದೆಯುಬ್ಬಿಸಿ ಹೇಳಿದ. ತಿಪಟೂರಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಈ ಮಹಾಶಯ ತೊಟ್ಟಿಲೊಂದಕ್ಕೆ ಎರಡು ರಬ್ಬರ್ ಕೈ ಜೋಡಿಸಿ, ಬಸ್ಸಿನ ಟಾಪಿಗೆ ಹಾಕಿಸಿ, ಅರಸೀಕೆರೆಯ ಮಾವನ ಮನೆಗೆ ತಂದು ಬಾಣಂತಿ ಕೋಣೆಯ ಹೊಸ್ತಿಲ ಬಳಿ ನಿಲ್ಲಿಸಿದ್ದ. ಅಳು ಕೇಳಿದರೆ ಸಾಕು, ಅದೇ ತಟ್ಟುತ್ತದಂತೆ, ಅದೇ ಹೊದಿಸುತ್ತದಂತೆ.

ಕಿವಿಗೆ ಬಟ್ಟೆ ಬಿಗಿದು ಮಂಚದಲ್ಲಿ ಕೂತಿದ್ದ ಶಾಂಭವಿಗೆ ಯಂತ್ರ ಬೇಕಿರಲಿಲ್ಲ. ಅವಳು ತವರಿಗೆ ಬಂದು ಮೂರು ತಿಂಗಳಾಗಿತ್ತು. ಗಂಡ ಪ್ರತಿ ಭಾನುವಾರ ಬರುತ್ತಾನೆ, ಹೊಸ್ತಿಲಾಚೆ ಕುರ್ಚಿಯಲ್ಲಿ ಕೂರುತ್ತಾನೆ, "ಮಗು ಹಾಲು ಕುಡೀತಾ? ಮಲಗ್ತಾ?" ಎಂದು ವಿಚಾರಿಸಿ, ಅತ್ತೆ ಕೊಟ್ಟ ಉಪ್ಪಿಟ್ಟು ತಿಂದು ಹೊರಡುತ್ತಾನೆ. ನೀನು ಹೇಗಿದ್ದೀಯ ಎಂದು ಒಂದು ಮಾತು ಕೇಳಿದ್ದರೆ ಅವಳ ಜೀವ ತಣ್ಣಗಾಗುತ್ತಿತ್ತು. ತಾನು ಅವನಿಗೆ ಮರೆತೇಹೋದೆನೇನೋ ಎಂಬ ಭಯ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ತೊಟ್ಟಿಲಿಗೆ ಹಾಕಿದ್ದೇ ತಡ, ಮಗು ಕಿಟಾರನೆ ಕಿರುಚಿತು. ಯಂತ್ರ ಮಿಸುಕಲಿಲ್ಲ.

"ಇದಕ್ಕೆ ಕಿವಿ ಕೇಳಿಸಲ್ವೇನು ಅಳಿಯಂದಿರೇ?" ಎಂದು ಅತ್ತೆ ಚನ್ನಬಸಮ್ಮ ಮಗುವನ್ನೆತ್ತಿಕೊಂಡರು.

"ತಾಳಿ ಅತ್ತೆ, ಒಂದ್ನಿಮಿಷ" ಎಂದು ಅವನು ತಿರುಪು ತಿರುಗಿಸತೊಡಗಿದ.

ಈ ಭಾನುವಾರವೂ ಹೀಗೇ ಹೋಯಿತಲ್ಲ ಎಂದು ಶಾಂಭವಿ ನಿಟ್ಟುಸಿರಿಟ್ಟಳು. ತಕ್ಷಣ ಒಂದು ಕೈ ಸುಯ್ಯನೆ ಚಾಚಿ ಅವಳ ಬೆನ್ನು ತಟ್ಟಿತು. ಅವಳು ಸರಿದಷ್ಟೂ ಅದು ಉದ್ದವಾಯಿತು.

"ಅಯ್ಯೋ, ಇದೇನ್ರೀ!"

ಬಿಡಿಸಲು ಓಡಿಬಂದ ಮೃತ್ಯುಂಜಯ ಅವಳ ಸೊರಗಿದ ಮುಖವನ್ನು ಹತ್ತಿರದಿಂದ ನೋಡಿ ತಾನೂ ನಿಟ್ಟುಸಿರುಗರೆದ. ಇನ್ನೊಂದು ಕೈ ಅವನ ಬೆನ್ನಿಗೆ ಬಿತ್ತು.

"ಯಾರ ಅಳು ಕೇಳಿಸಿ ಇದಕ್ಕೆ ಕಲಿಸಿದ್ರಿ?" ಎಂದಳು ಶಾಂಭವಿ.

ಅವನು ತಲೆ ತಗ್ಗಿಸಿದ. "ಮಗು ಇಲ್ಲಿತ್ತಲ್ಲ. ಅಲ್ಲಿ ಅಳೋಕೆ ಇದ್ದೋನು ನಾನೊಬ್ನೇ. ಸಂಜೆ ಬಂದು ಬೀಗ ತೆಗೆದ್ರೆ ಒಳಗೆ ನೀನಿಲ್ಲ... ನಿಟ್ಟುಸಿರು, ಅಳು ಎಲ್ಲಾ ತಾನಾಗೇ ಬರೋದು. ಅದನ್ನೇ ಕೇಳಿಸ್ದೆ."

"ಒಂದು ದಿನಾನೂ ಹೇಳ್ಲಿಲ್ಲ?"

"ಅತ್ತೆ ಎದುರಿಗೆ ಹೆಂಗೆ ಹೇಳ್ಲಿ?"

ಶಾಂಭವಿ ಬಿಕ್ಕಿದಳು, ಅವನೂ ಬಿಕ್ಕಿದ. ಯಂತ್ರಕ್ಕೆ ಅಷ್ಟು ಸಾಕಾಯಿತು. ಇಬ್ಬರನ್ನೂ ಸೆಳೆದು, ಒಂದೇ ರಗ್ಗಿನಲ್ಲಿ ಕುತ್ತಿಗೆವರೆಗೆ ಬಿಗಿಯಾಗಿ ಸುತ್ತಿ, ಮಂಚದ ಮೇಲೆ ಉರುಳಿಸಿ ತಟ್ಟತೊಡಗಿತು. ಬಿಡಿಸಿಕೊಳ್ಳುವ ಆತುರ ಇಬ್ಬರಿಗೂ ಇದ್ದಂತಿರಲಿಲ್ಲ.

ಚನ್ನಬಸಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ಬಾಗಿಲೆಳೆದುಕೊಂಡರು.

"ಇದರ ಹಾಲಿನ ಹೊತ್ತಿಗೆ ಕೂಗ್ತೀನಿ" ಎಂದರು, "ಅಲ್ಲೀವರ್ಗೂ ಇಬ್ರೂ ಅಳ್ತಾ ಇರಿ."