ನಿರ್ದೇಶಕರ ಭಾಷಣವನ್ನು ದುರಾಸೆಯ ಸೂತ್ರವು ನುಂಗಿದ ಬಗ್ಗೆ

ಸಂಖ್ಯೆ: ಜಸಾ/ಬ್ರ್ಯಾಕೆಟ್/ನುಂಗು/೧೭
ಸ್ಥಳ: ಆಲಪ್ಪುಳ

ವಿಷಯ: ಪಠ್ಯ ಹುಡುಕುವ ಸೂತ್ರಗಳಲ್ಲಿ ದುರಾಸೆಯನ್ನು ನಿಷೇಧಿಸಿ ಸೋಮಾರಿತನವನ್ನು ಕಡ್ಡಾಯಗೊಳಿಸುವ ಕುರಿತು.
ಉಲ್ಲೇಖ: ಪಳ್ಳಿಕ್ಕಡವು ದೋಣಿಕಟ್ಟೆಯ ಉದ್ಘಾಟನೆಯಲ್ಲಿ ಸಾರ್ವಜನಿಕರು ತೋರಿದ ಅನುಚಿತ ಸಂತೋಷ.

೧. ಜಲಸಾರಿಗೆ ಇಲಾಖೆಯ ನಿರ್ದೇಶಕರಾದ ಶ್ರೀ ಸುಗತನ್ ಅವರ ಭಾಷಣದ ಕರಡಿನಲ್ಲಿ (ಇಲ್ಲಿ ನಗುವುದು), (ಚಪ್ಪಾಳೆಗೆ ಕಾಯುವುದು) ಮುಂತಾದ ಸೂಚನೆಗಳಿರುತ್ತವೆ. ಮುದ್ರಣಕ್ಕೆ ಮುನ್ನ ಇವನ್ನು ತೆಗೆಯಲು ಗುತ್ತಿಗೆ ಪ್ರೋಗ್ರಾಮರ್ ಕುಮಾರಿ ಜಿನ್ಸಿ ತರಕನ್ ಇವರು \(.*\) ಎಂಬ ಸೂತ್ರವನ್ನು ಬಳಸಿರುತ್ತಾರೆ. ಪ್ಯಾರಾ ಬಿಡುವುದು ದೌರ್ಬಲ್ಯವೆಂಬುದು ನಿರ್ದೇಶಕರ ನಿಲುವಾದ್ದರಿಂದ ಭಾಷಣವು ಒಂದೇ ಸಾಲಿನಲ್ಲಿದ್ದು, ಸದರಿ ಸೂತ್ರವು ಮೊದಲ ಬ್ರ್ಯಾಕೆಟ್ಟಿನಿಂದ ಕಟ್ಟಕಡೆಯ ಬ್ರ್ಯಾಕೆಟ್ಟಿನವರೆಗೆ ನಡುವಿನದನ್ನೆಲ್ಲ ಅಳಿಸಿರುತ್ತದೆ.

೨. ತತ್ಪರಿಣಾಮವಾಗಿ ನಿರ್ದೇಶಕರು "ಪ್ರಿಯ ನಾಡಬಾಂಧವರೇ, ಇನ್ನು ಊಟಕ್ಕೆ ಏಳಬಹುದು" ಎಂದಷ್ಟೇ ಓದಿ, ಹಾಳೆಯ ಹಿಂಬದಿಯನ್ನು ತಿರುವಿ ನೋಡಿ, ಕುಳಿತಿರುತ್ತಾರೆ. ಚಪ್ಪಾಳೆಯು ಬಹಳ ಹೊತ್ತಾದರೂ ನಿಂತಿರುವುದಿಲ್ಲ. ಮುಂದಿನ ಸಾಲಿನಲ್ಲಿದ್ದ ದೋಣಿ ನಡೆಸುವ ಶ್ರೀಮತಿ ತಂಗಮಣಿ, "ಈ ಸಾರ್‌ಗೂ ಹೊಟ್ಟೆ ಅಂತ ಒಂದಿದೆ ಕಣ್ರಪ್ಪ, ಇನ್ಮೇಲೆ ಇವರನ್ನೇ ಕರೀರಿ" ಎಂದಿರುತ್ತಾರೆ. ಇದನ್ನು ಪ್ರಶಂಸೆಯೆಂದು ಪರಿಗಣಿಸಲಾಗಿಲ್ಲ.

೩. ವಿವರಣೆ ಕೇಳಲಾಗಿ ಕುಮಾರಿ ಜಿನ್ಸಿ, "ನಕ್ಷತ್ರ ಹಾಕಿದ್ರೆ ಅದು ಸಿಕ್ಕಷ್ಟೂ ಬಾಚ್ಕೊಳತ್ತೆ ಸಾರ್. ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ ಇಟ್ರೆ ಸೋಮಾರಿಯಾಗಿ ಮೊದಲು ಸಿಕ್ಕಿದ ಮುಚ್ಚುವ ಬ್ರ್ಯಾಕೆಟ್ಟಿಗೇ ನಿಂತ್ಬಿಡತ್ತೆ. ನಾನು ಮರ್ತೆ" ಎಂದಿರುತ್ತಾರೆ. ತಪ್ಪನ್ನು ಒಪ್ಪಿಕೊಳ್ಳುವುದು ಇಲಾಖೆಯ ಸಂಪ್ರದಾಯವಲ್ಲವಾದ್ದರಿಂದ ಸದರಿ ಉತ್ತರವನ್ನು ತಿರಸ್ಕರಿಸಲಾಗಿದೆ.

೪. ಇನ್ನು ಮುಂದೆ ಎಲ್ಲ ಸೂತ್ರಗಳೂ ಸೋಮಾರಿಯಾಗಿರತಕ್ಕದ್ದು ಎಂದು ಈ ಮೂಲಕ ಆದೇಶಿಸಲಾಗಿದೆ. ತರಬೇತಿಯನ್ನು ಆಡಳಿತ ಶಾಖೆಯ ಹಿರಿಯರು ನೀಡತಕ್ಕದ್ದು. ಅವರಿಗೆ ಪೂರ್ವಸಿದ್ಧತೆಯ ಅಗತ್ಯವಿರುವುದಿಲ್ಲ.

೫. ಪ್ರಶ್ನೆ ಚಿಹ್ನೆಯು ಮೇಲಧಿಕಾರಿಗಳನ್ನು ಪ್ರಶ್ನಿಸಿದಂತೆ ಕಾಣುವುದರಿಂದ ಪ್ರತಿ ಚಿಹ್ನೆಗೂ ಪೂರ್ವಾನುಮತಿ ಪಡೆಯತಕ್ಕದ್ದು. ಅನುಮತಿ ಕೋರುವ ಅರ್ಜಿಯಲ್ಲಿ ಪ್ರಶ್ನೆ ಚಿಹ್ನೆ ಇರಕೂಡದು.

೬. ಮುಂದಿನ ಸಭೆಯ ಕರಡಿನಲ್ಲಿ (ಮಂದಹಾಸ (ಹಲ್ಲು ಕಾಣದಂತೆ) ನಂತರ ಕಣ್ಣೊರೆಸಿಕೊಳ್ಳುವುದು) ಎಂದಿತ್ತು. "ಬ್ರ್ಯಾಕೆಟ್ಟೊಳಗೆ ಬ್ರ್ಯಾಕೆಟ್ ಇದೆ ಸಾರ್, ಇದನ್ನ ಕೈಯಲ್ಲೇ ತೆಗೀತೀನಿ" ಎಂದ ಕುಮಾರಿ ಜಿನ್ಸಿಯವರಿಗೆ ಆದೇಶವನ್ನು ಪಾಲಿಸಲು ತಾಕೀತು ಮಾಡಲಾಯಿತು. ಸೋಮಾರಿ ಸೂತ್ರವು ಹಲ್ಲಿನ ಬಳಿಯೇ ನಿಂತಿತು. ಉಳಿದ "ನಂತರ ಕಣ್ಣೊರೆಸಿಕೊಳ್ಳುವುದು" ಎಂಬುದನ್ನು ನಿರ್ದೇಶಕರು ಗಂಭೀರವಾಗಿ ಓದಿದ್ದು, ಸಭಿಕರು ನಕ್ಕು ನಕ್ಕು ಹಾಗೆಯೇ ಮಾಡಿರುತ್ತಾರೆ.

೭. ಆದೇಶ ಪಾಲಿಸಿದ ಕಾರಣಕ್ಕಾಗಿ ಕುಮಾರಿ ಜಿನ್ಸಿಯವರನ್ನು ಕೆಲಸದಿಂದ ತೆಗೆಯಲಾಗಿದೆ.

ಸಹಿ/-
ನಿರ್ದೇಶಕರ ಪರವಾಗಿ
(ನಿರ್ದೇಶಕರು ರಜೆಯಲ್ಲಿದ್ದಾರೆ)

ಪ್ರತಿಗಳು:
೧. ಆಡಳಿತ ಶಾಖೆ: ಎದ್ದ ನಂತರ ಓದಿಕೊಳ್ಳಲು.
೨. ಕುಮಾರಿ ಜಿನ್ಸಿ ತರಕನ್, ಹಾಲಿ ನೌಕರಿ ದೋಣಿ ನೌಕರರ ಸಂಘದ ಕಚೇರಿ: ಅಲ್ಲಿ ಆಕೆಯ ಮಾತು ಕೇಳಿ ಕೆಲಸ ಮಾಡುತ್ತಾರೆಂಬುದನ್ನು ಇಲಾಖೆಯು ಗಮನಕ್ಕೆ ತೆಗೆದುಕೊಂಡಿರುವುದಿಲ್ಲ.
೩. ಊಟದ ಗುತ್ತಿಗೆದಾರರು: ನಿರ್ದೇಶಕರು ಬಾಯಿ ತೆರೆಯುವ ಮೊದಲೇ ಬಾಳೆಲೆ ಹಾಸಿರಲು.