ಸುಮಾರು ಎಂದು ಹೇಳಿ ಸೇರಿಸಿದ ಮಗಳು

ಮಗಳನ್ನು ಹೊಸ ಊರಿನ ಸರ್ಕಾರಿ ಶಾಲೆಗೆ ಸೇರಿಸಲು ನನಗೆ ತಗುಲಿದ್ದು ಹತ್ತು ದಿನ. ಫೀಜಿಲ್ಲ, ಡೊನೇಷನ್ನಿಲ್ಲ, ಆದರೂ ಹತ್ತು ದಿನ ಹೋಯಿತು. ಅವೂ ನನ್ನ ದಿನಗಳಲ್ಲ, ಅವಳವು. ಕಾರಣ ನನ್ನ ಜಾಣತನ. ದಡ್ಡತನದಿಂದ ಆದ ನಷ್ಟವನ್ನು ಮನೆಯವರು ಮರೆತಾರು, ಜಾಣತನದಿಂದ ಆದದ್ದನ್ನು ಮರೆಯುವುದಿಲ್ಲ.

ನಾನು ಹಳೆಯ ಪಂಪ್‌ಸೆಟ್ಟುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವವನು. ಕೈಯಲ್ಲಿ ಒಂದು ಸ್ಪ್ಯಾನರ್ ಬಿಟ್ಟರೆ ಬೇರೇನೂ ಇಲ್ಲದೆ ಶುರು ಮಾಡಿದವನಿಗೆ ಮಾತೇ ಬಂಡವಾಳ. ಬೇಕಾದ ಮೋಟರನ್ನು ಹೊಗಳಬಾರದು, ‘ಸುಮಾರಾಗಿದೆ’ ಎನ್ನಬೇಕು. ಇಸ್ಪೀಟಿನಲ್ಲಿದ್ದಂತೆ ಒಳ್ಳೆಯ ಎಲೆಯನ್ನು ಕೊನೆಗೆ ಇಳಿಸಬೇಕು. ವ್ಯಾಪಾರದ ನಡುವೆ ಜೊತೆಗೆ ಬಂದವರು ಬಾಯಿ ಹಾಕಬಾರದು. ಈ ಕೊನೆಯದನ್ನು ಮಗಳು ಸಿಂಚನಾಗೆ ಪ್ರತ್ಯೇಕವಾಗಿ ಕಲಿಸಬೇಕಾಯಿತು. ಅವಳಿಗೆ ಆರು ವರ್ಷವಿದ್ದಾಗ ಶಿವನಸಮುದ್ರದ ಕಡೆಯ ರೈತರೊಬ್ಬರ ಮುಂದೆ, ‘ಅಪ್ಪ, ಈ ಮೋಟ್ರು ಬಂಗಾರ ಅಂತ ಬಸ್ಸಲ್ಲಿ ನೀನೇ ಅಂದ್ಯಲ್ಲ’ ಎಂದುಬಿಟ್ಟಿದ್ದಳು. ಆ ಮೋಟರನ್ನು ಅವರು ಇಂದಿಗೂ ಕೊಟ್ಟಿಲ್ಲ.

ಈ ಹುಡುಗಿಗೆ ಲೆಕ್ಕವೆಂದರೆ ಉಳಿದ ಮಕ್ಕಳಿಗೆ ಮಿಠಾಯಿ ಇದ್ದಂತೆ. ದಾರಿಯಲ್ಲಿ ಹೋಗುವ ಲಾರಿಗಳ ನಂಬರುಗಳನ್ನು ಗುಣಿಸಿಕೊಂಡು ಬರುತ್ತಾಳೆ. ಹಲಗೂರಿನಲ್ಲಿದ್ದಾಗ ಅಲ್ಲಿನ ಮೇಷ್ಟ್ರು, ಇವಳು ನಾಲ್ಕನೇ ಕ್ಲಾಸಿನಲ್ಲಿದ್ದರೂ ಲೆಕ್ಕದ ಹೊತ್ತಿಗೆ ಏಳನೆಯವರ ಜೊತೆ ಕೂರಿಸುತ್ತಿದ್ದರು. ನರ್ಸ್ ಆಗಿರುವ ನನ್ನ ಹೆಂಡತಿಗೆ ಮದ್ದೂರು ಬಳಿಯ ಕೊಪ್ಪಕ್ಕೆ ವರ್ಗವಾದಾಗ ಆ ಮೇಷ್ಟ್ರು ಒಂದು ಕಾಗದ ಬರೆದುಕೊಟ್ಟು, ‘ಇವಳನ್ನ ಸುಮ್ನೆ ಕೂರ್ಸೋ ಇಸ್ಕೂಲ್ಗೆ ಮಾತ್ರ ಆಕ್ಬೇಡಿ ಕಣ್ರೀ, ಬತ್ತೋಯ್ತಳೆ’ ಎಂದರು. ಬತ್ತಿಹೋದ ಬಾವಿಗಳನ್ನು ಕಂಡೇ ಬದುಕಿದವನು ನಾನು. ಆ ಮಾತು ಎದೆಯಲ್ಲಿ ಕೂತಿತು.

ಮಂಡ್ಯದ ಖಾಸಗಿ ಶಾಲೆಯೊಂದಕ್ಕೆ ಹಾಕೋಣವೆಂದರೆ, ‘ಮಗು ದಿನಾ ಎರಡ್ಗಂಟೆ ವ್ಯಾನಲ್ಲಿ ಕುಂತ್ಕೊಂಡು ಯಾವ ಬುದ್ಧಿ ಬೆಳಸ್ಕತದೆ?’ ಎಂದು ಹೆಂಡತಿ ಕೇಳಿದಳು. ಅದನ್ನು ಕೈಬಿಟ್ಟೆ. ಮದ್ದೂರಿನಲ್ಲೂ ಕೊಪ್ಪದ ಸುತ್ತಲೂ ನಾಲ್ಕು ಸರ್ಕಾರಿ ಶಾಲೆ ಸುತ್ತಿದೆ. ಒಂದರಲ್ಲಿ ಪುಸ್ತಕದ ಬೀರುವಿನ ಬೀಗ ತುಕ್ಕು ಹಿಡಿದಿತ್ತು. ನಾಲ್ಕನೆಯದರಲ್ಲಿ ಬೀರು ತೆರೆದಿತ್ತು, ಎದುರಿಗೆ ಮೂರು ಮಕ್ಕಳು ಜಗಳವಾಡುತ್ತಿದ್ದರು, ಪುಸ್ತಕಕ್ಕಾಗಿ. ಇದೇ ಬೇಕು ಎಂದು ಮನಸ್ಸು ಹೇಳಿತು. ಬೇಕು ಎಂದು ಮನಸ್ಸು ಹೇಳಿದ ಕೂಡಲೇ ನನ್ನ ಬಾಯಿ ತಾನಾಗಿ ಕಸುಬಿಗಿಳಿಯಿತು. ಸೂರು ಸೋರುತ್ತದಲ್ಲ ಎಂದೆ, ಕಾಂಪೌಂಡು ಗಿಡ್ಡ ಎಂದೆ. ಹೆಡ್‌ಮಿಸ್ಸು ಎಲ್ಲ ಕೇಳಿಸಿಕೊಂಡು, ನನ್ನ ಪಕ್ಕದಲ್ಲಿ ನಿಂತಿದ್ದ ಮಗಳನ್ನು ನೋಡಿ, ‘ಮಗು ಹೆಂಗೆ ಓದ್ತಾಳೆ?’ ಎಂದರು.

‘ಸುಮಾರು ಮೇಡಂ. ಅಷ್ಟಕ್ಕಷ್ಟೇ.’

ಅವರು ‘ಅಯ್ಯೋ ಪರವಾಗಿಲ್ಲ’ ಎನ್ನಬೇಕು, ಆಮೇಲೆ ನಾನು ಮೇಷ್ಟ್ರ ಕಾಗದವನ್ನು ಇಳಿಸಬೇಕು. ಇದು ನನ್ನ ಲೆಕ್ಕ. ಅಷ್ಟರಲ್ಲಿ ಮಳವಳ್ಳಿಯಿಂದ ಫೋನು ಬಂತು, ಮೂರು ಮೋಟರು ಒಟ್ಟಿಗೆ ಮಾರಾಟಕ್ಕಿವೆ ಎಂದು. ಅಡ್ಮಿಷನ್ ಫಾರಂಗೆ ಸಹಿ ಹಾಕಿ ಓಡಿದೆ. ಕಾಗದ ಸ್ಪ್ಯಾನರ್ ಚೀಲದಲ್ಲೇ ಉಳಿಯಿತು.

ಹನ್ನೊಂದನೆಯ ದಿನ ಹೆಡ್‌ಮಿಸ್ಸು ಕರೆಸಿದರು. ಸಿಂಚನಾ ಬಾಗಿಲ ಬಳಿ ನಿಂತಿದ್ದಳು. ನನ್ನ ಮಾತು ನಂಬಿ ಅವಳನ್ನು ಅಕ್ಷರ ಕೂಡಿಸಿ ಓದಲು ಕಷ್ಟಪಡುವ ಏಳು ಮಕ್ಕಳ ಗುಂಪಿನಲ್ಲಿ, ಏಳನೇ ಕ್ಲಾಸಿನ ಬಾಗಿಲೆದುರಿನ ಜಗಲಿಯಲ್ಲಿ ಕೂರಿಸಿದ್ದರಂತೆ. ಹತ್ತು ದಿನವೂ ಅವಳು ತುಟಿ ಬಿಚ್ಚದೆ ಕಾಗುಣಿತ ತಿದ್ದಿದ್ದಾಳೆ. ನಿನ್ನೆ ಹೆಡ್‌ಮಿಸ್ಸು ಏಳನೆಯವರಿಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಹೊರಗೆ ಬಂದು ನೋಡಿದರೆ, ಅವಳ ಕಾಗುಣಿತದ ಸ್ಲೇಟಿನ ಮೂಲೆಯಲ್ಲಿ ಅದರ ಉತ್ತರವಿತ್ತು, ಸಣ್ಣದಾಗಿ, ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು.

‘ಯಾಕಮ್ಮ ಹೇಳ್ಲಿಲ್ಲ ಅಂದ್ರೆ ಏನಂದ್ಲು ಗೊತ್ತೇನ್ರಿ? ಯಾಪಾರದ ಮಧ್ಯ ಬಾಯಾಕ್ಬಾರ್ದು ಅಂತ ಅಪ್ಪ ಏಳವ್ರೆ ಮಿಸ್, ಇನ್ನೂ ಮುಗಿದಿಲ್ವೇನೋ ಅಂತ ಕಾಯ್ತಾ ಇದ್ದೆ, ಅಂದ್ಲು.’

ನಾನು ಚೀಲದಿಂದ ಕಾಗದ ತೆಗೆದೆ. ಗ್ರೀಸ್ ಹತ್ತಿತ್ತು. ಅವರು ಓದಿ ಮಡಚಿ ರಿಜಿಸ್ಟರಿನೊಳಗೆ ಇಟ್ಟು, ‘ನಾಳೆಯಿಂದ ಲೆಕ್ಕಕ್ಕೆ ಏಳನೇ ಕ್ಲಾಸು’ ಎಂದರು.

ನನಗೆ ಹೇಳಬೇಕಾದ್ದನ್ನು ಮನೆಯಲ್ಲಿ ಹೆಂಡತಿ ಹೇಳಿದಳು. ‘ಮೋಟ್ರುಗೆ ಏಳೋ ಮಾತ ಮಗೀಗೂ ಏಳ್ಬುಟ್ರಲ್ಲ.’ ಊಟದ ಹೊತ್ತಿಗೆ ಮಗಳನ್ನು ಕೇಳಿದೆ, ಬೇಜಾರಾಯಿತೇನವ್ವಾ ಎಂದು. ಅವಳು ಮುದ್ದೆ ಮುರಿಯುತ್ತ ಯೋಚಿಸಿದಳು. ‘ಮೊದ್ಲು ಆಯ್ತು. ಆಮೇಕೆ ನಂಗೂ ಅನ್ನುಸ್ತು, ನಾನು ಸುಮಾರೇ ಇರ್ಬೋದು ಅಂತ.’

ಹತ್ತು ದಿನಕ್ಕೇ ನೀರು ಅಷ್ಟು ಕೆಳಗೆ ಇಳಿದಿತ್ತು.

ಊರು ಬದಲಿಸುವ ತಂದೆತಾಯಂದಿರೇ, ಕೇಳಿ. ರಜೆಯಲ್ಲಿ ಶಾಲೆ ನೋಡಬೇಡಿ, ಪಾಠ ನಡೆಯುವಾಗ ಹೋಗಿ. ಗೋಡೆಯ ಬಣ್ಣ ಬಿಡಿ, ಬೀರುವಿನ ಬೀಗ ನೋಡಿ. ಚುರುಕಾದ ಮಗುವನ್ನು ಮೇಲಿನ ಕ್ಲಾಸಿನಲ್ಲಿ ಕೂರಿಸುತ್ತೀರಾ ಎಂದು ನೇರವಾಗಿ ಕೇಳಿ. ಹಳೆಯ ಮೇಷ್ಟ್ರಿಂದ ಕಾಗದ ತನ್ನಿ, ತಂದದ್ದನ್ನು ಮೊದಲು ಮೇಜಿನ ಮೇಲಿಡಿ. ದೃಷ್ಟಿಯಾಗುತ್ತದೆ ಎಂಬ ಭಯವಿದ್ದರೆ ಮನೆಗೆ ಬಂದು ನಿವಾಳಿಸಿ, ಆದರೆ ಮಗುವಿನ ಎದುರಿಗೆ ಅದರ ಬೆಲೆ ಇಳಿಸಬೇಡಿ. ನೀವು ವ್ಯಾಪಾರಕ್ಕೆ ಆಡಿದ್ದನ್ನು ಅದು ನಿಜವೆಂದು ಇಟ್ಟುಕೊಳ್ಳುತ್ತದೆ.

ಈ ಸಲಹೆಗೆ ನನಗೇನೂ ಕೊಡಬೇಕಿಲ್ಲ. ಮಾರುವ ಹಳೆಯ ಮೋಟರಿದ್ದರೆ ಭಾನುವಾರ ತನ್ನಿ. ನಾನು ನೋಡಿ ‘ಸುಮಾರಾಗಿದೆ’ ಎನ್ನುತ್ತೇನೆ. ಪಕ್ಕದಲ್ಲಿ ಮಗಳಿರುತ್ತಾಳೆ, ಅವಳನ್ನು ಕೇಳಿ. ವ್ಯಾಪಾರದ ನಡುವೆ ಬಾಯಿ ಹಾಕಲು ಈಗ ಅವಳಿಗೆ ಅಪ್ಪಣೆಯಿದೆ.